ಸೇಡಿನ ಕುಂಗ್‌ಫು ಚಿತ್ರಗಳು: ಹುಟ್ಟು, ಹರಡುವಿಕೆ ಮತ್ತು ಸೆಳೆತ

ಸಮರಕಲೆ ಮತ್ತು ಸೇಡು ಎರಡನ್ನೂ ಬೆಸೆದು, 1960ರ ದಶಕದ ಕೊನೆಯಿಂದ ಮುಖ್ಯವಾಗಿ ಹಾಂಗ್‌ಕಾಂಗ್‌ನಲ್ಲಿ ಕಡಿಮೆ ಬಂಡವಾಳದಲ್ಲಿ ತಯಾರಾಗಿ, ಮುಂದೆ ಜಗತ್ತಿನ ಬಹುಭಾಗದಲ್ಲಿ ಓಡಿದ ಚಿತ್ರಗಳ ವರ್ಗ. ಕಥೆಯ ಹಂದರ ಬಹುಪಾಲು ಒಂದೇ. ಗುರುವನ್ನೋ ಒಡಹುಟ್ಟಿದವರನ್ನೋ ಯಾರೋ ಕೊಲ್ಲುತ್ತಾರೆ; ಉಳಿದವನು ಸೋಲುತ್ತಾನೆ, ಏಟು ತಿನ್ನುತ್ತಾನೆ, ಮತ್ತೆ ಕಲಿತು ಬಂದು ಹಗೆ ತೀರಿಸಿಕೊಳ್ಳುತ್ತಾನೆ. ಇವು ಜನರಿಗೆ ಅಷ್ಟೊಂದು ಯಾಕೆ ಹಿಡಿಸಿದವು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರಗಳು ಎರಡು: ಬ್ರೂಸ್ ಲೀ ಎಂಬ ಒಬ್ಬ ನಟ, ಇಲ್ಲವೇ ಪ್ರೇಕ್ಷಕರ ರಕ್ತದಾಹ. ಮೊದಲನೆಯದು ತಾರೀಖುಗಳಿಗೆ ಹೊಂದುವುದಿಲ್ಲ, ಎರಡನೆಯದು ಚಿತ್ರಗಳಿಗೇ ಹೊಂದುವುದಿಲ್ಲ. ಸಿಗುವ ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಬೇರೊಂದು ಕಾರಣ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ. ದುಡ್ಡಿಲ್ಲದ ತಯಾರಿಕೆಯಲ್ಲಿ ನಟನ ಮೈಯೇ ಚಿತ್ರದ ಮುಖ್ಯ ಆಸ್ತಿಯಾಯಿತು. ಆ ಮೈ ಪಡುವ ಶ್ರಮಕ್ಕೆ ಯಾವ ದೇಶದವನಿಗೂ ಥಟ್ಟನೆ ತಿಳಿಯುವ ಕಾರಣವನ್ನು ಸೇಡಿನ ಕಥೆ ಒದಗಿಸಿತು. ಅಗ್ಗದ ಚಿತ್ರ ಎಂಬ ಮಾತನ್ನು ಮಾತ್ರ ಎಚ್ಚರದಿಂದ ಬಳಸಬೇಕು. 1961ರಲ್ಲಿ ಹಾಂಗ್‌ಕಾಂಗ್‌ನ ಕ್ಲಿಯರ್‌ವಾಟರ್ ಬೇಯಲ್ಲಿ ಭಾರಿ ಸ್ಟುಡಿಯೋ ತೆರೆದ ಷಾ ಬ್ರದರ್ಸ್ ಏಷ್ಯಾದ ಲೆಕ್ಕದಲ್ಲಿ ಬಡ ಸಂಸ್ಥೆಯಲ್ಲ. ಅದರ ಚಿತ್ರಗಳು ಅಗ್ಗವೆನಿಸಿದ್ದು ಹಾಲಿವುಡ್‌ನ ಪಕ್ಕದಲ್ಲಿ.

ಚೀನಾದ ಸಮರಕಲೆ ಚಿತ್ರಗಳಿಗೆ ಮೊದಲಿನಿಂದಲೂ ಸೇಡೇ ಜೀವಾಳವಾಗಿತ್ತು ಎಂಬ ಮಾತು ಅರ್ಧ ಮಾತ್ರ ನಿಜ. 1928ರಲ್ಲಿ ಷಾಂಘೈನಲ್ಲಿ ಶುರುವಾದ ‘ದಿ ಬರ್ನಿಂಗ್ ಆಫ್ ದಿ ರೆಡ್ ಲೋಟಸ್ ಟೆಂಪಲ್’ ಸರಣಿಯ ಆಕರ್ಷಣೆ ಮಾಯಾಮಂತ್ರ, ಹಾರುವ ಖಡ್ಗಗಳು. 1949ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಆರಂಭವಾದ ವಾಂಗ್ ಫೇ-ಹಂಗ್ ಚಿತ್ರಮಾಲೆಯಲ್ಲಿ ಕ್ವಾನ್ ತಕ್-ಹಿಂಗ್ ನಟಿಸಿದ ನಾಯಕ ಹಿರಿಯ ವೈದ್ಯ ಮತ್ತು ಗುರು. ಶಿಷ್ಯರ ಸಿಟ್ಟನ್ನು ತಡೆಯುವುದು, ಆದಷ್ಟೂ ಹೊಡೆದಾಟ ತಪ್ಪಿಸುವುದು ಅವನ ದೊಡ್ಡಸ್ತಿಕೆ. ಅವೂ ಕಡಿಮೆ ದುಡ್ಡಿನ ಚಿತ್ರಗಳೇ, ತವರಿನಲ್ಲಿ ಜನಪ್ರಿಯವೇ, ಆದರೆ ಅಮೆರಿಕದ ಬೀದಿಗಳನ್ನು ಅವು ಹಿಡಿಯಲಿಲ್ಲ. ದಿಕ್ಕು ಬದಲಿಸಿದವರು ಷಾ ಬ್ರದರ್ಸ್‌ನ ನಿರ್ದೇಶಕ ಚಾಂಗ್ ಚೆ. ಹಾಂಗ್‌ಕಾಂಗ್ ಗಲಭೆಗಳಿಂದ ಕುದಿಯುತ್ತಿದ್ದ 1967ರಲ್ಲಿ ಬಂದ ಅವರ ‘ದಿ ಒನ್-ಆರ್ಮ್ಡ್ ಸ್ವೋರ್ಡ್ಸ್‌ಮನ್’ ಅಲ್ಲಿ 10 ಲಕ್ಷ ಹಾಂಗ್‌ಕಾಂಗ್ ಡಾಲರ್ ದಾಟಿ ಗಳಿಸಿತು. ಬಲಗೈ ಕಳೆದುಕೊಂಡ ತರುಣ ಎಡಗೈಯಲ್ಲಿ ಕತ್ತಿ ಹಿಡಿಯಲು ಕಲಿಯುವ ಕಥೆ ಅದು. ಅಂಗಹೀನತೆ, ಒಬ್ಬಂಟಿ ಅಭ್ಯಾಸ, ಮರಳಿ ಬರುವಿಕೆ: ಮುಂದಿನ ನೂರಾರು ಚಿತ್ರಗಳ ಮೂಲ ಇಲ್ಲಿದೆ.

ಈ ತಿರುವಿಗೆ ಬೇಕಾದ ಜನ ಎಲ್ಲಿಂದ ಬಂದರು ಎಂಬ ಪ್ರಶ್ನೆಗೆ ಸಿಗಬೇಕಾದಷ್ಟು ಜಾಗ ಹಳೆಯ ವಿವರಣೆಗಳಲ್ಲಿ ಸಿಕ್ಕಿಲ್ಲ. ಹಾಂಗ್‌ಕಾಂಗ್‌ನಲ್ಲಿ ಪೀಕಿಂಗ್ ಒಪೆರಾ ಶಾಲೆಗಳು ಚಿಕ್ಕ ಮಕ್ಕಳನ್ನು ವರ್ಷಗಟ್ಟಲೆ ಕಟ್ಟುನಿಟ್ಟಾಗಿ ಲಾಗ, ನೆಗೆತ, ಆಯುಧಗಳ ವರಸೆಯಲ್ಲಿ ಪಳಗಿಸುತ್ತಿದ್ದವು. ಆ ಮಕ್ಕಳು ಬೆಳೆದು ನಿಲ್ಲುವ ಹೊತ್ತಿಗೆ ರಂಗಭೂಮಿಗೆ ಪ್ರೇಕ್ಷಕರೇ ಇರಲಿಲ್ಲ. ಸ್ಯಾಮೊ ಹಂಗ್, ಜಾಕಿ ಚಾನ್, ಯುಯೆನ್ ಬಿಯಾವೊ ಮೂವರೂ ಯು ಜಿಮ್-ಯುಯೆನ್ ನಡೆಸುತ್ತಿದ್ದ ಒಂದೇ ಶಾಲೆಯಿಂದ ಬಂದವರು. ಹೀಗೆ ಅಪಾರ ಕಸುಬುದಾರಿಕೆ ಕಡಿಮೆ ಕೂಲಿಗೆ ಚಿತ್ರರಂಗಕ್ಕೆ ಸಿಕ್ಕಿತು. ಚಾಂಗ್ ಚೆ ಅವರ 1970ರ ‘ವೆಂಜನ್ಸ್’ ಚಿತ್ರದಲ್ಲಿ ಮೊದಲು ಕೊಲೆಯಾಗುವವನು ಒಬ್ಬ ಒಪೆರಾ ನಟ, ಸೇಡು ತೀರಿಸುವವನು ಅವನ ತಮ್ಮ ಎಂಬುದನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು. ತಯಾರಿಕೆಯ ಕ್ರಮವೂ ಇದಕ್ಕೆ ಪೂರಕವಾಗಿತ್ತು. ಚಿತ್ರೀಕರಣದ ವೇಳೆ ಧ್ವನಿ ಹಿಡಿಯುತ್ತಿರಲಿಲ್ಲ. ಮಾತು, ಏಟಿನ ಸದ್ದು ಎಲ್ಲವನ್ನೂ ಆಮೇಲೆ ಕೂರಿಸುತ್ತಿದ್ದರು. ಇದರಿಂದ ಖರ್ಚು ಉಳಿಯಿತು, ಯಾವ ಭಾಷೆಗೂ ಡಬ್ ಮಾಡುವುದು ಸುಲಭವಾಯಿತು. ಹಾಂಗ್‌ಕಾಂಗ್ ಹೊಡೆದಾಟದ ಲಯವನ್ನು ಸೂಕ್ಷ್ಮವಾಗಿ ಬಿಡಿಸಿ ನೋಡಿದ ಡೇವಿಡ್ ಬೋರ್ಡ್‌ವೆಲ್, ಒಂದು ಕ್ಷಣದ ಸ್ತಬ್ಧತೆ, ಮಿಂಚಿನಂಥ ಚಲನೆ, ಮತ್ತೆ ಸ್ತಬ್ಧತೆ ಎಂಬ ವಿನ್ಯಾಸವನ್ನು ಗುರುತಿಸಿದ್ದಾರೆ. ಯಾರು ಹೊಡೆದರು, ಏಟು ಎಲ್ಲಿ ಬಿತ್ತು ಎಂಬುದು ಹಿಂದಿನ ಬೆಂಚಿನವನಿಗೂ ಸ್ಪಷ್ಟವಾಗಿ ಕಾಣುವುದು ಈ ಲಯದಿಂದಲೇ.

ದಾಖಲೆ ಹೆಚ್ಚು ಗೋಜಲಾಗಿರುವುದು 1971ರಿಂದ 1973ರವರೆಗಿನ ಅವಧಿಯಲ್ಲಿ. ಷಾ ಬ್ರದರ್ಸ್ ಬಿಟ್ಟು ಬಂದ ರೇಮಂಡ್ ಚೌ 1970ರಲ್ಲಿ ಕಟ್ಟಿದ ಗೋಲ್ಡನ್ ಹಾರ್ವೆಸ್ಟ್, ಎರಡು ಚಿತ್ರಗಳಿಗೆ 15,000 ಅಮೆರಿಕನ್ ಡಾಲರ್ ಕೊಟ್ಟು ಬ್ರೂಸ್ ಲೀಯನ್ನು ಕರೆತಂದಿತು. ಥಾಯ್ಲೆಂಡ್‌ನ ಪಾಕ್ ಚೋಂಗ್‌ನಲ್ಲಿ ಸುಮಾರು 1 ಲಕ್ಷ ಡಾಲರ್ ವೆಚ್ಚದಲ್ಲಿ ತೆಗೆದ ‘ದಿ ಬಿಗ್ ಬಾಸ್’ (1971) ಹಾಂಗ್‌ಕಾಂಗ್ ಒಂದರಲ್ಲೇ ಸುಮಾರು 32 ಲಕ್ಷ ಹಾಂಗ್‌ಕಾಂಗ್ ಡಾಲರ್ ಗಳಿಸಿ ದಾಖಲೆ ಮಾಡಿತು. ಮರುವರ್ಷದ ‘ಫಿಸ್ಟ್ ಆಫ್ ಫ್ಯೂರಿ’ ಅದನ್ನೂ ಮುರಿಯಿತು. ಅಮೆರಿಕಕ್ಕೆ ಹೋದಾಗ ಮೊದಲನೆಯದು ‘ಫಿಸ್ಟ್ಸ್ ಆಫ್ ಫ್ಯೂರಿ’ ಎಂದೂ ಎರಡನೆಯದು ‘ದಿ ಚೈನೀಸ್ ಕನೆಕ್ಷನ್’ ಎಂದೂ ಬಿಡುಗಡೆಯಾದವು. ಮಾದಕವಸ್ತು ಸಾಗಣೆಯ ಕಥೆಯಿದ್ದ ಮೊದಲ ಚಿತ್ರಕ್ಕೆ ಇಡಬೇಕಿದ್ದ ಹೆಸರು ಎರಡನೆಯದಕ್ಕೆ ಅಂಟಿಕೊಂಡಿತು ಎಂಬುದು ಬಹುಕಾಲದಿಂದ ಹೇಳಿಕೊಂಡು ಬಂದ ವಿವರಣೆ. ಈ ಅದಲುಬದಲಿನಿಂದಾಗಿ ಯಾವ ಚಿತ್ರ ಯಾವಾಗ ಗೆದ್ದಿತು ಎಂಬ ಬಗ್ಗೆ ಇಂದಿಗೂ ತಪ್ಪು ಮಾಹಿತಿ ಓಡಾಡುತ್ತಿದೆ.

ಬ್ರೂಸ್ ಲೀಯಿಂದಲೇ ಎಲ್ಲವೂ ಎಂಬ ವಾದ ಸಡಿಲವಾಗುವುದೂ ಇಲ್ಲೇ. ವಾರ್ನರ್ ಬ್ರದರ್ಸ್ 1973ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡಿದ ‘ಫೈವ್ ಫಿಂಗರ್ಸ್ ಆಫ್ ಡೆತ್’, ಅಂದರೆ ಷಾ ಬ್ರದರ್ಸ್‌ನ ‘ಕಿಂಗ್ ಬಾಕ್ಸರ್’, ಕೊರಿಯಾದ ಜಂಗ್ ಚಾಂಗ್-ಹ್ವಾ ನಿರ್ದೇಶಿಸಿ ಇಂಡೊನೇಷ್ಯಾದಲ್ಲಿ ಹುಟ್ಟಿದ ಲೋ ಲಿಯೆ ನಟಿಸಿದ ಚಿತ್ರ. ಅದೇ ವರ್ಷದ ಮೇ ತಿಂಗಳ ಮಧ್ಯದ ‘ವೆರೈಟಿ’ ಪತ್ರಿಕೆಯ ಗಳಿಕೆಪಟ್ಟಿಯಲ್ಲಿ ಮೊದಲ ಮೂರೂ ಸ್ಥಾನ ಹಾಂಗ್‌ಕಾಂಗ್ ಚಿತ್ರಗಳದ್ದು. ಮೊದಲನೆಯದು ಬ್ರೂಸ್ ಲೀಯದಾದರೆ, ಎರಡನೆಯದು ಏಂಜೆಲಾ ಮಾವೊ ನಾಯಕಿಯಾಗಿದ್ದ ‘ಲೇಡಿ ವರ್ಲ್‌ವಿಂಡ್’, ಮೂರನೆಯದು ಲೋ ಲಿಯೆಯದು. ಬ್ರೂಸ್ ಲೀಯ ‘ಎಂಟರ್ ದಿ ಡ್ರ್ಯಾಗನ್’ ಆಗಿನ್ನೂ ತೆರೆಕಂಡಿರಲಿಲ್ಲ. ಜುಲೈ 20ರ ಸಾವು ಅವರನ್ನು ಇನ್ನೂ ದಂತಕಥೆಯಾಗಿಸಿರಲಿಲ್ಲ. ಅಮೆರಿಕದ ಪ್ರೇಕ್ಷಕರಿಗೆ ಇನ್ನೂ ಚಿತ್ರತಾರೆಯರಾಗಿರದ ಮೂವರು ನಟರು ಒಟ್ಟಿಗೆ ಗೆದ್ದಿದ್ದರೆ, ಗೆಲುವಿನ ಕಾರಣವನ್ನು ಮೂರರಲ್ಲೂ ಸಮಾನವಾಗಿದ್ದುದರಲ್ಲೇ ಹುಡುಕಬೇಕು. ‘ಕಿಂಗ್ ಬಾಕ್ಸರ್’ನಲ್ಲಿ ಎದುರಾಳಿಗಳು ನಾಯಕನ ಕೈಗಳನ್ನೇ ಜಜ್ಜುತ್ತಾರೆ, ಅದೇ ಕೈಗಳನ್ನು ಅವನು ಮತ್ತೆ ಪಳಗಿಸುತ್ತಾನೆ, ಕೊನೆಯಲ್ಲಿ ಅಂಗೈಗಳು ಕೆಂಪಗೆ ಹೊಳೆಯುತ್ತವೆ. ಆ ಪವಾಡಕ್ಕೆ ಚಿತ್ರ ಮಾಡಿದ ಖರ್ಚು ಒಂದಿಷ್ಟು ಕೆಂಪು ಬೆಳಕು, ಜೊತೆಗೊಂದು ಸೈರನ್ನಿನಂಥ ಸಂಗೀತದ ತುಣುಕು. ಅಷ್ಟು ಹೊತ್ತಿಗೆ ಆ ಕೈಗಳ ನೋವನ್ನು ಕಂಡಿದ್ದ ಪ್ರೇಕ್ಷಕರಿಗೆ ಅದು ಸಾಕಾಯಿತು.

ಸೆಳೆತದ ಮೂಲ ಜನಾಂಗದ ಅಥವಾ ದೇಶದ ಅಭಿಮಾನ ಎಂಬ ಆಕ್ಷೇಪ ಇಲ್ಲಿ ಬರಬಹುದು. ಅದಕ್ಕೆ ‘ಫಿಸ್ಟ್ ಆಫ್ ಫ್ಯೂರಿ’ ಬಲವಾದ ಸಾಕ್ಷಿ. 1910ರಲ್ಲಿ ಷಾಂಘೈನಲ್ಲಿ ತೀರಿಕೊಂಡ ಹುವೊ ಯುವಾನ್‌ಜಿಯಾ ಎಂಬ ನಿಜವಾದ ಗುರುವಿಗೆ ಜಪಾನೀಯರು ವಿಷ ಹಾಕಿದರೆಂಬ ಐತಿಹ್ಯವನ್ನು ಚಿತ್ರ ಸತ್ಯವೆಂದೇ ಎತ್ತಿಕೊಳ್ಳುತ್ತದೆ. ಅದು ಇಂದಿಗೂ ಇತ್ಯರ್ಥವಾಗದ ವಿವಾದ. ಸೇಡು ತೀರಿಸುವ ಶಿಷ್ಯ ಚೆನ್ ಝೆನ್ ಕಲ್ಪಿತ ಪಾತ್ರ. ನಾಯಿಗಳಿಗೂ ಚೀನೀಯರಿಗೂ ಪ್ರವೇಶವಿಲ್ಲ ಎಂಬ ಉದ್ಯಾನದ ಫಲಕವನ್ನು ಅವನು ಒದ್ದು ಪುಡಿಮಾಡುವ ದೃಶ್ಯ ಹೆಸರುವಾಸಿ. ಷಾಂಘೈ ಉದ್ಯಾನದ ನಿಯಮಗಳಲ್ಲಿ ಈ ಎರಡು ನಿಷೇಧಗಳೂ ಇದ್ದದ್ದು ನಿಜ, ಆದರೆ ಬೇರೆ ಬೇರೆ ಕಲಮುಗಳಲ್ಲಿ. ಎರಡನ್ನೂ ಒಂದೇ ಸಾಲಿಗೆ ತಂದ ಫಲಕವಿತ್ತೇ ಎಂಬುದು ಇತಿಹಾಸಕಾರರ ನಡುವೆ ಚರ್ಚೆಯ ವಿಷಯ. ಭಾರತೀಯ ಓದುಗರು ಇನ್ನೊಂದನ್ನೂ ಗಮನಿಸಬೇಕು: ಚಿತ್ರದಲ್ಲಿ ಆ ಗೇಟು ಕಾಯುತ್ತಾ ನಾಯಕನನ್ನು ತಡೆಯುವವನು ರುಮಾಲು ಸುತ್ತಿದ ಭಾರತೀಯ ಕಾವಲುಗಾರ. ಷಾಂಘೈನ ವಿದೇಶಿ ವಸಾಹತಿನ ಪೊಲೀಸ್ ದಳದಲ್ಲಿ ಸಿಖ್ಖರು ಬಹು ಸಂಖ್ಯೆಯಲ್ಲಿದ್ದುದು ಚರಿತ್ರೆ. ಹಾಗಿದ್ದೂ ಆ ದೃಶ್ಯ ಭಾರತದಲ್ಲಿ ಬ್ರೂಸ್ ಲೀ ಆರಾಧನೆಗೆ ಅಡ್ಡಿಯಾಗಲಿಲ್ಲ. ನೋಡಿದವರು ತಮ್ಮನ್ನು ಕಂಡುಕೊಂಡದ್ದು ರುಮಾಲಿನವನಲ್ಲಲ್ಲ, ಗೇಟಿನ ಹೊರಗೆ ನಿಂತವನಲ್ಲಿ. ಅಮೆರಿಕದ ನಗರಗಳ ನಡುಭಾಗದ ಹಳೆಯ ಚಿತ್ರಮಂದಿರಗಳಲ್ಲಿ ಕೂತ ಕಪ್ಪು ಮತ್ತು ಲ್ಯಾಟಿನೊ ಯುವಕರಿಗೂ ಷಾಂಘೈನ ಇತಿಹಾಸ ಬೇಕಿರಲಿಲ್ಲ. ಚಲನಚಿತ್ರ ವಿದ್ವಾಂಸ ಸ್ಟುವರ್ಟ್ ಕಮಿನ್‌ಸ್ಕಿ 1974ರಷ್ಟು ಹಿಂದೆಯೇ ಈ ಚಿತ್ರಗಳನ್ನು ಬಡ ಕೇರಿಗಳ ಪುರಾಣ ಎಂಬಂತೆ ಓದಿದರು. ಇತಿಹಾಸಕಾರ ವಿಜಯ್ ಪ್ರಶಾದ್ ಮುಂದೆ ಇವುಗಳಲ್ಲಿ ಸಾಮ್ರಾಜ್ಯಶಾಹಿ ವಿರೋಧವನ್ನು ಕಂಡರು. ಎರಡೂ ಒಪ್ಪತಕ್ಕ ಓದುಗಳೇ. ಆದರೆ ಬಂದೂಕು, ಹಣ, ಕಾನೂನು ಯಾವುದೂ ಇಲ್ಲದವನಿಗೆ ಮೈಯೊಂದೇ ಉಳಿದಿರುತ್ತದೆ ಎಂಬ ನೆಲೆಯಿಂದಲೇ ಎರಡಕ್ಕೂ ಬಲ ಬರುವುದು.

ರಕ್ತದಾಹದ ವಾದ ಇನ್ನೂ ಹಳೆಯದು. ಏಟುಗಳ ಎಣಿಕೆಯನ್ನಷ್ಟೇ ನೋಡಿದರೆ ಅದು ಸರಿಯೆನಿಸುತ್ತದೆ, ಕಥೆಯ ನಡೆಯನ್ನು ನೋಡಿದರೆ ನಿಲ್ಲುವುದಿಲ್ಲ. ‘ದಿ ಬಿಗ್ ಬಾಸ್’ನಲ್ಲಿ ನಾಯಕ ಜಗಳವಾಡುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿರುತ್ತಾನೆ, ಅದರ ನೆನಪಿಗೆ ಕೊರಳಲ್ಲೊಂದು ಪದಕ. ಮಂಜುಗಡ್ಡೆ ಕಾರ್ಖಾನೆಯಲ್ಲಿ ಅಣ್ಣತಮ್ಮಂದಿರು ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದರೂ, ಆ ಹೊತ್ತಿನ ಅತಿ ವೇಗದ ಹೊಡೆದಾಟಗಾರ ಸುಮಾರು ಮುಕ್ಕಾಲು ಗಂಟೆ ಕೈಕಟ್ಟಿ ನಿಲ್ಲುತ್ತಾನೆ. ರೌಡಿಯೊಬ್ಬ ಆ ಪದಕ ಕಿತ್ತಾಗಲೇ ಮೊದಲ ಏಟು ಬೀಳುವುದು. ಬರೀ ರಕ್ತ ಬೇಕಿದ್ದ ಪ್ರೇಕ್ಷಕರು ಇಷ್ಟು ಕಾಯುತ್ತಿರಲಿಲ್ಲ. ಸೇಡು ತೀರಿದ ಮೇಲೂ ಸುಖವಿಲ್ಲ: ಆ ನಾಯಕನನ್ನು ಪೊಲೀಸರು ಹಿಡಿದೊಯ್ಯುತ್ತಾರೆ, ಚೆನ್ ಝೆನ್ ಬಂದೂಕುಗಳ ಎದುರಿಗೆ ಹಾರುತ್ತಾನೆ, ‘ವೆಂಜನ್ಸ್’ನ ತಮ್ಮ ಸಾಯುತ್ತಾನೆ. 1978ರ ‘ದಿ 36ತ್ ಚೇಂಬರ್ ಆಫ್ ಶಾವೊಲಿನ್’ನಲ್ಲಿ ಲಾವ್ ಕಾರ್-ಲ್ಯುಂಗ್ ಇನ್ನೂ ಮುಂದೆ ಹೋದರು. ಸೇಡಿಗಾಗಿ ಮಠ ಸೇರಿದ ಯುವಕ ಊಟದ ಮನೆಗೆ ಹೋಗಬೇಕಾದರೆ ಮೊದಲು ನೀರಲ್ಲಿ ತೇಲುವ ಮರದ ತುಂಡುಗಳ ಮೇಲೆ ಕಾಲಿಟ್ಟು ದಾಟಬೇಕು. ಬಿದ್ದರೆ ಒದ್ದೆ, ತಡವಾದರೆ ಹಸಿವು. ಮುಂದೆ ತೋಳುಗಳನ್ನು ಚಾಚಿ ನೀರಿನ ಕೊಡ ಹೊರುವಾಗ ತೋಳಿಗೆ ಚೂರಿ ಕಟ್ಟಿರುತ್ತಾರೆ; ಕೈ ಇಳಿದರೆ ಪಕ್ಕೆಗೆ ಚುಚ್ಚುತ್ತದೆ. ಚಿತ್ರದ ದೊಡ್ಡ ಪಾಲು ಹೀಗೆ ಕಲಿಕೆಗೇ ಮೀಸಲು. ಸೇಡು ಬೇಗನೆ ಮುಗಿದುಹೋಗುತ್ತದೆ. ಗರಡಿಯ ಈ ದೃಶ್ಯಗಳೇ ಹೆಚ್ಚು ನೆನಪಿನಲ್ಲಿ ಉಳಿದವು. ನ್ಯೂಯಾರ್ಕಿನ ವೂ-ಟ್ಯಾಂಗ್ ಕ್ಲ್ಯಾನ್ ಎಂಬ ರ‍್ಯಾಪ್ ತಂಡ 1993ರ ತನ್ನ ಮೊದಲ ಆಲ್ಬಮ್‌ಗೆ ಹೆಸರು ತೆಗೆದುಕೊಂಡದ್ದು ಇದರಿಂದಲೇ.

ಬಡತನವೇ ಸೆಳೆತ ಹುಟ್ಟಿಸುವುದಾದರೆ ಅತಿ ಅಗ್ಗದ ಚಿತ್ರವೇ ಅತಿ ಹೆಚ್ಚು ಹಿಡಿಸಬೇಕಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ 1980ರ ದಶಕದ ನಿಂಜಾ ಚಿತ್ರಗಳಲ್ಲಿದೆ. ಜೋಸೆಫ್ ಲೈ ಅವರ ಐಎಫ್‌ಡಿ ಸಂಸ್ಥೆ, ನಿರ್ದೇಶಕ ಗಾಡ್‌ಫ್ರಿ ಹೊ ಮುಂತಾದವರು ಏಷ್ಯಾದ ಯಾವುದೋ ಹಳೆಯ ಚಿತ್ರವನ್ನು ಕೊಂಡು, ನಡುನಡುವೆ ಬಣ್ಣದ ಮುಸುಕಿನ ನಿಂಜಾ ದೃಶ್ಯಗಳನ್ನು ಹೊಲಿದು, ಡಬ್ಬಿಂಗಿನಲ್ಲಿ ಕಥೆ ಜೋಡಿಸಿ ಮಾರಿದರು. ಕೆಲವೇ ಚಿತ್ರಗಳಿಗೆಂದು ಬಂದ ನಟ ರಿಚರ್ಡ್ ಹ್ಯಾರಿಸನ್, ಅದೇ ತುಣುಕುಗಳಿಂದ ತಾನು ಎಷ್ಟೋ ಚಿತ್ರಗಳ ನಾಯಕನಾಗಿರುವುದನ್ನು ಆಮೇಲೆ ಕಂಡುಕೊಂಡರು. ಗುಪ್ತನಾಮಗಳ ಗೊಂದಲದಿಂದ ಹೊ ನಿರ್ದೇಶಿಸಿದ ಚಿತ್ರಗಳ ಸಂಖ್ಯೆಯ ಬಗ್ಗೆ ಪಟ್ಟಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಇಲ್ಲಿ ಉಳಿತಾಯ ನಡೆದದ್ದು ಸೆಟ್ಟಿನಲ್ಲಲ್ಲ, ಮೈಯಲ್ಲಿ: ಮುಸುಕಿನೊಳಗೆ ಯಾರೂ ಇರಬಹುದು, ಕಲಿತದ್ದಕ್ಕೂ ತೋರಿದ್ದಕ್ಕೂ ಸಂಬಂಧವಿಲ್ಲ. ಇವು ವಿಡಿಯೊ ಮಾರುಕಟ್ಟೆಯಲ್ಲಿ ಓಡಿದವು. ಇಂದು ಇವುಗಳನ್ನು ನೋಡುವವರು ಬಹುಮಟ್ಟಿಗೆ ವಿಚಿತ್ರ ಜೋಡಣೆಯ ಕುತೂಹಲಕ್ಕೆ ನೋಡುತ್ತಾರೆ, ಸೇಡಿನ ತೀವ್ರತೆಗಲ್ಲ.

ಈ ಚಿತ್ರಗಳ ಅಲೆ ಭಾರತವನ್ನು ತಲುಪಿದಾಗ ಇಲ್ಲಿ ಕರಾಟೆ ಬಂದು ಸೇರಿದ್ದು ಆಗಲೇ ಇದ್ದ ಸೇಡಿನ ಕಥೆಗಳ ಒಳಗೆ. ಹಿಂದಿಯಲ್ಲಿ ಮಿಥುನ್ ಚಕ್ರವರ್ತಿಯ ಆರಂಭದ ಚಿತ್ರಗಳು ಹೀಗೆ ಬಂದವು. ಕನ್ನಡದಲ್ಲಿ ಶಂಕರ್ ನಾಗ್ ಅವರಿಗೆ ಕರಾಟೆ ಕಿಂಗ್ ಎಂಬ ಬಿರುದು ಅಂಟಿಕೊಂಡದ್ದು ಈ ಅಲೆಯಲ್ಲೇ. 2000ದ ನಂತರ ಥಾಯ್ಲೆಂಡ್‌ನ ‘ಓಂಗ್-ಬಾಕ್’ (2003) ಮತ್ತು ಇಂಡೊನೇಷ್ಯಾದಲ್ಲಿ ಸುಮಾರು 11 ಲಕ್ಷ ಡಾಲರ್‌ನಲ್ಲಿ ತಯಾರಾದ ‘ದಿ ರೇಡ್’ (2011) ಮತ್ತೆ ಅಪರಿಚಿತ ಮೈಗಳನ್ನು ಮುಂದಿಟ್ಟು ಜಗತ್ತನ್ನು ಗೆದ್ದವು, ಆದರೆ ಎರಡರಲ್ಲೂ ಸೇಡು ಮುಖ್ಯವಲ್ಲ. ಹಳೆಯ ಹಂದರಕ್ಕೆ ಮರಳಿದ್ದು ದೇವ್ ಪಟೇಲ್ ನಿರ್ದೇಶಿಸಿ ನಟಿಸಿದ ‘ಮಂಕಿ ಮ್ಯಾನ್’ (2024). ಕಥೆ ಭಾರತದಲ್ಲಿ ನಡೆದರೂ ಕೋವಿಡ್ ಕಾಲದಲ್ಲಿ ಚಿತ್ರೀಕರಣವಾದದ್ದು ಇಂಡೊನೇಷ್ಯಾದ ಬಾತಮ್ ದ್ವೀಪದಲ್ಲಿ. ತಾಯಿಯ ಕೊಲೆಗೆ ಸೇಡು ತೀರಿಸಹೊರಟವನು ಮೊದಲ ಯತ್ನದಲ್ಲಿ ಸೋತು, ಗುಡಿಯೊಂದರಲ್ಲಿ ಆಶ್ರಯ ಪಡೆದು ಮತ್ತೆ ಅಭ್ಯಾಸಕ್ಕೆ ತೊಡಗುತ್ತಾನೆ. ಅಲ್ಲಿ ಅವನ ಏಟುಗಳಿಗೆ ತಬಲಾದಲ್ಲಿ ಲಯ ಕೊಡುವವರು ಉಸ್ತಾದ್ ಜಾಕಿರ್ ಹುಸೇನ್.