ವೇಗಮಿತಿ ಗುರುತಿಸುವ ವ್ಯವಸ್ಥೆ

ರಸ್ತೆಯ ವೇಗಮಿತಿಯನ್ನು ತಾನಾಗಿ ಅರಿತು ಚಾಲಕನಿಗೆ ತೋರಿಸುವ ಕಾರಿನ ಸಾಧನ. ಮುಂಗಾಜಿನ ಹಿಂದಿರುವ ಕ್ಯಾಮೆರಾ ರಸ್ತೆಬದಿಯ ವೇಗಮಿತಿ ಫಲಕದ ಅಂಕಿಯನ್ನು ಓದುತ್ತದೆ. ಹಲವು ಕಾರುಗಳಲ್ಲಿ ಜಿಪಿಎಸ್ ನೆರವಿನ ಡಿಜಿಟಲ್ ನಕ್ಷೆಯೊಡನೆ ಅದನ್ನು ತಾಳೆ ನೋಡಲಾಗುತ್ತದೆ. 2008ರ ಬಿಎಂಡಬ್ಲ್ಯು 7 ಸರಣಿ ಈ ಸೌಲಭ್ಯ ಪಡೆದ ಮೊದಲ ಕಾರುಗಳಲ್ಲೊಂದು.

ವಿಶ್ವಾಸಾರ್ಹತೆ: ಕ್ಯಾಮೆರಾ, ನಕ್ಷೆ ಎರಡಕ್ಕೂ ಅವುಗಳದೇ ಮಿತಿಗಳಿವೆ. ಮಳೆ, ಮಂಜು, ಎದುರು ಬಿಸಿಲು, ಮರದ ಕೊಂಬೆ ಅಥವಾ ಲಾರಿಯ ಮರೆಯಿಂದ ಕ್ಯಾಮೆರಾಕ್ಕೆ ಫಲಕ ಕಾಣದೆ ಹೋಗಬಹುದು. ಪಕ್ಕದ ರಸ್ತೆಯ ಫಲಕವನ್ನೋ ಲಾರಿಯ ಹಿಂಬದಿಗೆ ಅಂಟಿಸಿದ ವೇಗದ ಅಂಕಿಯನ್ನೋ ಅದು ತನ್ನ ರಸ್ತೆಯದೆಂದು ಓದುವುದೂ ಉಂಟು. ಮಳೆ ಬರುವ ಹೊತ್ತಿಗೆ, ಶಾಲಾ ಸಮಯಕ್ಕೆ ಅಥವಾ ಭಾರಿ ವಾಹನಗಳಿಗೆ ಮಾತ್ರ ಅನ್ವಯಿಸುವ ಪೂರಕ ಫಲಕಗಳು ಇನ್ನೂ ತೊಡಕಿನವು. ನಕ್ಷೆಯು ಹಳತಾದರೆ ಕಾಮಗಾರಿ ಸ್ಥಳದ ತಾತ್ಕಾಲಿಕ ಮಿತಿ ಅದರಲ್ಲಿ ಇರುವುದಿಲ್ಲ. 2020ರಲ್ಲಿ ಸೈಬರ್ ಭದ್ರತಾ ಸಂಸ್ಥೆ ಮೆಕಾಫಿಯ ಸಂಶೋಧಕರು ಗಂಟೆಗೆ 35 ಮೈಲಿ ಮಿತಿಯ ಫಲಕಕ್ಕೆ ಸಣ್ಣ ಟೇಪು ಅಂಟಿಸಿ, 2016ರ ಟೆಸ್ಲಾ ಕಾರುಗಳು ಅದನ್ನು 85 ಎಂದು ಓದುವಂತೆ ಮಾಡಿದರು.

ಕಾನೂನು: ಯುರೋಪಿಯನ್ ಒಕ್ಕೂಟದಲ್ಲಿ, ಹೀಗೆ ಅರಿತ ಮಿತಿಯನ್ನು ಮೀರಿದಾಗ ಎಚ್ಚರಿಸುವ ವೇಗ ಸಹಾಯಕವು 2022ರ ಜುಲೈಯಿಂದ ಹೊಸ ಮಾದರಿಗಳಿಗೆ, 2024ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯ. ಚಾಲಕ ಅದನ್ನು ಸ್ಥಗಿತಗೊಳಿಸಬಹುದು. ಮುಂದಿನ ಬಾರಿ ಕಾರು ಚಾಲೂ ಮಾಡಿದಾಗ ಅದು ಮತ್ತೆ ಜಾಗೃತವಾಗುತ್ತದೆ. ವೇಗಮಿತಿ ಪಾಲನೆಯ ಹೊಣೆ ಚಾಲಕನದೇ.