ಮರಳಿನಡಿಯ ಸಿಹಿನೀರು

1956ರ ನವೆಂಬರ್ 1ರವರೆಗೆ ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದವು. ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತದಿಂದ ರೋಸಿಹೋದ ಅಮಿನಿಯ ಜನ 1780ರ ದಶಕದಲ್ಲಿ ಟಿಪ್ಪು ಸುಲ್ತಾನನ ಮೊರೆಹೊಕ್ಕಿದ್ದರು; 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿ ಸರ್ಕಾರ ಆ ದ್ವೀಪಗಳನ್ನು ಮಂಗಳೂರಿನ ಕಲೆಕ್ಟರನ ಸುಪರ್ದಿಗೆ ಕೊಟ್ಟಿತು. ಅಲ್ಲಿಂದಾಚೆಗೆ ದ್ವೀಪದ ತೆಂಗಿನ ನಾರು ಮಂಗಳೂರಿನ ಬಂದರಿಗೆ ಬರುತ್ತಿತ್ತು, ಅದಕ್ಕೆ ಬದಲಾಗಿ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಅನ್ನಕ್ಕೆ ಕರಾವಳಿಯತ್ತ ಕಣ್ಣುನೆಟ್ಟು ಕೂರುತ್ತಿದ್ದ ಈ ಜನ ನೀರಿಗಾಗಿ ಮಾತ್ರ ಯಾರ ದಾರಿಯನ್ನೂ ಕಾಯಲಿಲ್ಲ. ಹೊಳೆಯಿಲ್ಲ, ತೊರೆಯಿಲ್ಲ, ಸಮುದ್ರಮಟ್ಟದಿಂದ ಒಂದೆರಡು ಮೀಟರ್ ಎತ್ತರದ ಹವಳದ ನೆಲ. ಆದರೂ ಶತಮಾನಗಳ ಕಾಲ ಅವರು ಕುಡಿದದ್ದು ತಮ್ಮ ಕಾಲಡಿಯ ನೀರನ್ನೇ. ಆ ನೀರಿಗೆ ಇವತ್ತು ಕುತ್ತು ಬಂದಿದೆ ಎಂದಾಗ ಎಲ್ಲರ ಬೆರಳೂ ಏರುತ್ತಿರುವ ಸಮುದ್ರದ ಕಡೆಗೆ ತಿರುಗುತ್ತದೆ. ಸಮುದ್ರದ ಅಪಾಯ ನಿಜ. ಆದರೆ ಈ ದ್ವೀಪಗಳ ಚರಿತ್ರೆಯನ್ನು ನೋಡಿದರೆ, ಕಡಲು ಬಾವಿಯ ಬಾಯಿಗೆ ಬರುವುದಕ್ಕೆ ಬಹಳ ಮೊದಲೇ, ನೀರೆತ್ತುವ ಕ್ರಮ ಬದಲಾದದ್ದರಿಂದಲೇ ಸಿಹಿನೀರು ಕೆಡತೊಡಗಿತು ಎಂದು ನನಗನ್ನಿಸುತ್ತದೆ.

19ನೇ ಶತಮಾನದಲ್ಲಿ ಅಲ್ಲಿಗೆ ಹೋಗಿಬಂದ ಬ್ರಿಟಿಷ್ ಅಧಿಕಾರಿಗಳ ವರದಿಗಳಲ್ಲಿ ನೆಲದ ರಚನೆಯ ವಿವರಣೆ ಸಿಗುತ್ತದೆ. ಮೇಲೆ ಹವಳದ ಸುಣ್ಣಕಲ್ಲಿನ ಗಟ್ಟಿ ಪದರ, ಅದರಡಿ ಒದ್ದೆ ಮರಳು. ಪದರ ಒಡೆದು ನಾಲ್ಕು ಗುದ್ದಲಿ ಮರಳು ತೆಗೆದರೆ ನೀರು ತಾನಾಗಿ ಒಸರುತ್ತದೆ. ಬಾವಿ, ಕೊಳ, ತೆಂಗಿನ ಸಿಪ್ಪೆ ನೆನೆಹಾಕುವ ಗುಂಡಿ ಎಲ್ಲವೂ ಆದದ್ದು ಹೀಗೆಯೇ. ವರ್ಷಕ್ಕೆ ಸುಮಾರು 1600 ಮಿಲಿಮೀಟರ್ ಸುರಿಯುವ ಮಳೆಯಲ್ಲಿ ಒಂದು ಪಾಲು ಮರಳಿಗಿಳಿದು, ಕೆಳಗಿನ ಉಪ್ಪುನೀರಿಗಿಂತ ಹಗುರವಾದ್ದರಿಂದ ಹಾಲಿನ ಮೇಲಿನ ಕೆನೆಯಂತೆ ನಿಲ್ಲುತ್ತದೆ. 19ನೇ ಶತಮಾನದ ಕೊನೆಗೆ ಡಚ್ಚರ ಬಡೋನ್ ಘೈಬೆನ್, 1901ರಲ್ಲಿ ಜರ್ಮನಿಯ ಹರ್ಜ್‌ಬರ್ಗ್ ಇದರ ಲೆಕ್ಕ ಹಾಕಿದರು: ಸಮುದ್ರಮಟ್ಟಕ್ಕಿಂತ ಮೇಲೆ ಒಂದು ಅಡಿ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಅಡಿ. ಇದು ಕಾಗದದ ಮೇಲಿನ ಲೆಕ್ಕ. ಭರತ ಇಳಿತಗಳ ಜೊತೆ ಬಾವಿಯ ನೀರೂ ಏರಿಳಿಯುವ ಕಿರಿದಾದ ದ್ವೀಪದಲ್ಲಿ ಎರಡು ನೀರೂ ಬೆರೆಯುತ್ತಲೇ ಇರುವುದರಿಂದ ನಿಜವಾದ ಸಿಹಿಪದರ ಎಷ್ಟೋ ತೆಳು. ಅದೇ ಲೆಕ್ಕವನ್ನು ತಿರುಗಿಸಿ ಓದಿದರೆ ಭಯವಾಗುತ್ತದೆ: ಒಂದೇ ಕಡೆ ನೀರನ್ನು ಒಂದಡಿ ಇಳಿಸಿದರೆ, ಅದರಡಿಯ ಉಪ್ಪುನೀರು ಹಲವು ಪಟ್ಟು ಎತ್ತರಕ್ಕೆ ಮೇಲೇಳಲು ಹವಣಿಸುತ್ತದೆ.

ಇಂಥದೇ ಹವಳದ ನೆಲದ ಮಾಲ್ಡೀವ್ಸ್‌ನಲ್ಲಿ ನೀರೆತ್ತಲು ಬಳಸುತ್ತಿದ್ದ ಸಾಧನದ ಹೆಸರು ದಾನಿ. ಉದ್ದನೆಯ ಕೋಲು, ಅದರ ತುದಿಗೆ ಒಂದು ಡಬ್ಬಿ, ಅಷ್ಟೇ. ಬಾವಿಯ ಕಟ್ಟೆಯ ಬಳಿ ನಿಂತು ಕೋಲನ್ನು ಇಳಿಬಿಟ್ಟರೆ ಡಬ್ಬಿ ಮೇಲ್ಮೈಯ ನೀರನ್ನಷ್ಟೇ ಮೊಗೆಯುತ್ತದೆ, ಅಂದರೆ ಅತಿ ಸಿಹಿಯಾದ ಪದರವನ್ನು. ಒಬ್ಬರು ಮೊಗೆದು ಇನ್ನೊಬ್ಬರು ಬರುವಷ್ಟರಲ್ಲಿ ಮರಳು ಮತ್ತೆ ಒಸರಿರುತ್ತದೆ. ದಾನಿಯನ್ನು ಮಾಡಿದವರು ಜಲವಿಜ್ಞಾನ ಓದಿದವರಲ್ಲ. ಆದರೂ ಕೈಯ ಬಲವೇ ನೀರಿಗೆ ಮಿತಿ ಹಾಕಿತ್ತು. ಕೈಯ ಜಾಗಕ್ಕೆ ಬಂದ ಮೋಟಾರಿನ ಫುಟ್‌ವಾಲ್ವ್ ಕೂರುವುದು ಬಾವಿಯ ತಳದಲ್ಲಿ. ಅದು ಸ್ವಿಚ್ ಆರಿಸುವವರೆಗೂ ಒಂದೇ ಸಮನೆ ಎಳೆಯುತ್ತದೆ, ತಳದ ಸವಳನ್ನು ತಾನೇ ಮೇಲಕ್ಕೆ ಕರೆಯುತ್ತದೆ. ಲಕ್ಷದ್ವೀಪದಲ್ಲಿ 1901ರಲ್ಲಿ ಸುಮಾರು 14 ಸಾವಿರ ಜನರಿದ್ದರು. 2011ರ ಜನಗಣತಿಯಲ್ಲಿ 64 ಸಾವಿರ ದಾಟಿದ್ದರು. ನೆಲ ಮಾತ್ರ ಅದೇ 32 ಚದರ ಕಿಲೋಮೀಟರ್. ಮಂಗಳೂರಿನ ಹಳೇ ಬಂದರಿನಿಂದ ಮಂಜಿಗಳಲ್ಲಿ ಸಿಮೆಂಟು, ಜಲ್ಲಿ ಹೋಗಿ ಇಳಿದು ಕಾಂಕ್ರೀಟ್ ಮನೆಗಳೆದ್ದವು. ಮನೆಗೊಂದು ಬಾವಿ, ಬಾವಿಗೊಂದು ಮೋಟಾರು, ಅಲ್ಲೇ ಹತ್ತಿರದಲ್ಲಿ ಸೆಪ್ಟಿಕ್ ಟ್ಯಾಂಕ್. ನೀರನ್ನು ಅಷ್ಟು ಸಲೀಸಾಗಿ ಇಂಗಿಸಿಕೊಳ್ಳುವ ಆ ಮರಳು ಕೊಳೆಯನ್ನು ಮಾತ್ರ ತಡೆದು ನಿಲ್ಲಿಸುತ್ತದೆಯೇ?

ಹಳೆಯದನ್ನು ಹಾಡಿ ಹೊಗಳುತ್ತಿದ್ದೀರಿ, ಆಗಿನ ನೀರೇನು ಅಮೃತವಾಗಿತ್ತೇ ಎಂದು ಯಾರಾದರೂ ಕೇಳಬಹುದು. ಖಂಡಿತ ಅಲ್ಲ. ಆ ನೀರು ಹೊಸಬರಿಗೆ ಒಗ್ಗುವುದಿಲ್ಲ ಎಂಬ ಮಾತು ಬ್ರಿಟಿಷರ ಬರಹಗಳಲ್ಲೇ ಇದೆ. ಕೊಳಗಳಲ್ಲಿ ಸೊಳ್ಳೆ ಹುಟ್ಟುತ್ತಿತ್ತು, ಆನೆಕಾಲು ರೋಗ ದ್ವೀಪಗಳನ್ನು ಬಹುಕಾಲ ಕಾಡಿತು. 1978ರಲ್ಲಿ ಮಾಲ್ಡೀವ್ಸ್‌ನಲ್ಲಿ ಕಾಲರಾ ಹಬ್ಬಿ ಜನ ಸತ್ತರು. ಹಾಗಾಗಿ ದಾನಿಗೂ ಕೊಳಕ್ಕೂ ಮರಳಿ ಎಂದು ನಾನು ಹೇಳಲಾರೆ. ಆದರೆ ಕಾಲರಾ ಏನನ್ನು ತೋರಿಸಿತು? ಕಿಕ್ಕಿರಿದ ಹವಳದ ನೆಲದಲ್ಲಿ ಶೌಚದ ಗುಂಡಿಗೂ ಕುಡಿಯುವ ಬಾವಿಗೂ ನಡುವೆ ಗೋಡೆಯಿಲ್ಲ ಎಂಬುದನ್ನು. ಅಲ್ಲಿ ನೀರು ಕೊಂದದ್ದು ಉಪ್ಪಿನಿಂದಲ್ಲ.

ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು: ಸಮುದ್ರದ ನೀರನ್ನೇ ಸಿಹಿ ಮಾಡುವ ಯಂತ್ರ ಇರುವಾಗ ಬಾವಿಯ ಚಿಂತೆ ಯಾಕೆ? 2005ರಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಲಕ್ಷದ್ವೀಪದ ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಕೊಡುವ ಘಟಕ ನಡೆಸಿತು. ಮೇಲಿನ ಬೆಚ್ಚನೆಯ ಕಡಲನೀರನ್ನು ಗಾಳಿಯ ಒತ್ತಡ ತಗ್ಗಿಸಿದ ಕೋಣೆಯಲ್ಲಿ ಆವಿಯಾಗಿಸಿ, ಸುಮಾರು 350 ಮೀಟರ್ ಆಳದಿಂದ ತಂದ ತಣ್ಣನೆಯ ನೀರಿನಿಂದ ಆ ಆವಿಯನ್ನು ತಣಿಸುವ ವಿಧಾನ ಅದು. ನಮ್ಮ ವಿಜ್ಞಾನಿಗಳು ಹೆಮ್ಮೆಪಡಬೇಕಾದ ಕೆಲಸ. ಆದರೆ ಕವರತ್ತಿಯ 11 ಸಾವಿರ ಜನರಿಗೆ ಅದನ್ನು ಹಂಚಿದರೆ ತಲೆಗೆ ಒಂಬತ್ತು ಲೀಟರ್. ಕುಡಿಯಲು, ಅಡುಗೆಗೆ ಸಾಕು. ಸ್ನಾನ, ಬಟ್ಟೆ, ಪಾತ್ರೆಗೆ ಬಾವಿಯೇ ಗತಿ. ಪೂರ್ತಿ ಯಂತ್ರವನ್ನೇ ನಂಬಿದ ಊರಿನ ಕಥೆ ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯದು. ಬಾವಿಗಳು ಕೆಟ್ಟ ಮೇಲೆ 1988ರಿಂದ ಅಲ್ಲಿ ಕಡಲನೀರನ್ನು ಸಿಹಿ ಮಾಡಲಾಗುತ್ತಿದೆ. 2014ರ ಡಿಸೆಂಬರ್ 4ರಂದು ಘಟಕಕ್ಕೆ ಬೆಂಕಿ ಬಿತ್ತು. ಒಂದು ಲಕ್ಷಕ್ಕೂ ಹೆಚ್ಚು ಜನ ಒಂದೇ ದಿನದಲ್ಲಿ ನೀರಿಲ್ಲದವರಾದರು. ಭಾರತದ ವಿಮಾನಗಳು, ನೌಕಾಪಡೆಯ ಸುಕನ್ಯಾ ಮತ್ತು ದೀಪಕ್ ಹಡಗುಗಳು ನೀರು ಹೊತ್ತು ಹೋಗಬೇಕಾಯಿತು. ನೆಲದ ನೀರು ಉಳಿದಿದ್ದರೆ ಆ ವಾರವನ್ನು ಮಾಲೆ ಹೇಗೋ ದಾಟುತ್ತಿತ್ತು.

ಕೊನೆಗೆ ಸಮುದ್ರದ ಮಾತು. ದ್ವೀಪವೇ ಮುಳುಗುವುದಾದರೆ ಮೋಟಾರಿನ ಮೇಲೆ ಕಡಿವಾಣ ಹಾಕಿ ಏನು ಪ್ರಯೋಜನ ಎಂಬ ವಾದಕ್ಕೆ ಲಕ್ಷದ್ವೀಪದ ಕಲ್ಪೇನಿ ಉತ್ತರ ಕೊಡುತ್ತದೆ. 1847ರ ಏಪ್ರಿಲ್ ಚಂಡಮಾರುತದಲ್ಲಿ ಕಡಲು ಆ ದ್ವೀಪದ ಮೇಲೆ ಹಾದುಹೋಯಿತು. ಇನ್ನೂರಕ್ಕೂ ಹೆಚ್ಚು ಜನ ಕೊಚ್ಚಿಹೋದರು, ಮುಂದಿನ ತಿಂಗಳುಗಳಲ್ಲಿ ಹಸಿವಿನಿಂದ ಇನ್ನಷ್ಟು ಮಂದಿ ಸತ್ತರು, ಎಷ್ಟೋ ಜನ ಕರಾವಳಿಗೆ ಹೊರಟುಹೋದರು. ಅಂದು ಅಲೆಗಳು ಎಸೆದ ಹವಳದ ಕಲ್ಲಿನ ದಂಡೆ ದ್ವೀಪದ ಪೂರ್ವ ತೀರದಲ್ಲಿ ಈಗಲೂ ಇದೆ. ಆದರೂ ಕಲ್ಪೇನಿ ಮತ್ತೆ ತುಂಬಿತು. ಮೇಲಿಂದ ಇಳಿದ ಉಪ್ಪನ್ನು ಮಳೆ ತೊಳೆಯುತ್ತದೆ, ಅದಕ್ಕೆ ಬೇಕಾದದ್ದು ಬಿಡುವು. 2018ರಲ್ಲಿ ಅಮೆರಿಕದ ಕರ್ಟ್ ಸ್ಟೋರ್ಲಾಜಿ ಮತ್ತು ಸಂಗಡಿಗರು ಮಾರ್ಷಲ್ ದ್ವೀಪಗಳ ರೋಯಿ-ನಮೂರ್‌ನ ಅಧ್ಯಯನದಿಂದ ಹೇಳಿದ್ದೂ ಇದನ್ನೇ: ಅಲೆಗಳು ವರ್ಷವರ್ಷವೂ ದ್ವೀಪದ ಮೇಲೆ ಹರಿಯತೊಡಗಿದರೆ ಆ ಬಿಡುವು ಸಿಗುವುದಿಲ್ಲ, ನೆಲ ಮುಳುಗುವುದಕ್ಕೆ ದಶಕಗಳ ಮೊದಲೇ, ಈ ಶತಮಾನದ ನಡುವಿನ ಹೊತ್ತಿಗೇ, ಹೆಚ್ಚಿನ ಹವಳದ ದ್ವೀಪಗಳಲ್ಲಿ ಕುಡಿಯುವ ನೀರು ಇಲ್ಲವಾಗಬಹುದು. ಹಾಗಿದ್ದರೆ ಪ್ರಶ್ನೆ ಎಷ್ಟು ವರ್ಷ ಉಳಿಯುತ್ತೇವೆ ಎಂಬುದು. ದಪ್ಪ ಸಿಹಿಪದರವಿರುವ ದ್ವೀಪ ಒಂದು ಬಿರುಗಾಳಿಯಿಂದ ಚೇತರಿಸಿಕೊಳ್ಳುತ್ತದೆ. ಮೋಟಾರುಗಳು ಮೊದಲೇ ಬರಿದುಮಾಡಿದ ದ್ವೀಪಕ್ಕೆ ಚೇತರಿಸಿಕೊಳ್ಳಲು ಏನೂ ಉಳಿದಿರುವುದಿಲ್ಲ.

ಇದೆಲ್ಲ ಈಗ ತುರ್ತಾದದ್ದು ಪ್ರವಾಸೋದ್ಯಮದಿಂದ. ಲಕ್ಷದ್ವೀಪಕ್ಕೆ ಹೆಚ್ಚು ಪ್ರವಾಸಿಗರನ್ನು ಕರೆತರುವ ಯೋಜನೆಗಳು ಸಿದ್ಧವಾಗುತ್ತಿವೆ, ಮತ್ತು ರೆಸಾರ್ಟಿನ ಅತಿಥಿ ದ್ವೀಪದ ಮನೆಯವರಷ್ಟು ನೀರಿನಲ್ಲಿ ದಿನ ಕಳೆಯುವವನಲ್ಲ. ನೂರು ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ 1 ಲಕ್ಷ 60 ಸಾವಿರ ಲೀಟರ್ ಮಳೆ ಬೀಳುತ್ತದೆ. ಅದನ್ನು ಹಿಡಿದಿಡದ ಕಟ್ಟಡಕ್ಕೆ, ಕೊಳೆನೀರನ್ನು ಶುದ್ಧಮಾಡದೆ ಮರಳಿಗೆ ಬಿಡುವ ಕಟ್ಟಡಕ್ಕೆ ಆ ದ್ವೀಪಗಳಲ್ಲಿ ಪರವಾನಗಿ ಕೊಡಬಾರದು. ಯಾವ ದ್ವೀಪದ ಅಡಿಯಲ್ಲಿ ಎಷ್ಟು ಸಿಹಿನೀರಿದೆ ಎಂದು ಬೇಸಿಗೆಯ ಕೊನೆಯಲ್ಲಿ ಅಳೆದು, ಆ ಲೆಕ್ಕ ಮುಂದಿಟ್ಟುಕೊಂಡೇ ಅಲ್ಲಿ ಎಷ್ಟು ಹಾಸಿಗೆಗಳ ರೆಸಾರ್ಟ್ ಬರಬಹುದು ಎಂದು ತೀರ್ಮಾನಿಸಬೇಕು.