ಇಂಟರ್ನೆಟ್‌ನ ಬೀಗ ಮತ್ತು ಇಬ್ಬರು ಸ್ಟೀವ್‌ಗಳು

ಕಳೆದ ತಿಂಗಳು ನಮಗೊಂದು ಪಜೀತಿ ಆಯ್ತು. ನಾವು ಏಳು ಜನ ಗೆಳೆಯರು ಸೇರಿಕೊಂಡು, ಕಾಪಿರೈಟ್ ಮುಗಿದ ಕನ್ನಡ ಪುಸ್ತಕಗಳನ್ನ ಸ್ಕ್ಯಾನ್ ಮಾಡಿ ಇಡೋ ಒಂದು ಪುಟ್ಟ ಗುಂಪು ನಡೆಸ್ತೀವಿ. ಭಾನುವಾರದ ಕೆಲಸ, ಸಂಬಳ ಇಲ್ಲ. ಸರ್ವರ್ ಅಪ್‌ಡೇಟ್ ಮಾಡೋಣ ಅಂತ ಕೂತ್ರೆ ಪಾಸ್‌ವರ್ಡ್ ಯಾರ ಹತ್ರಾನೂ ಇಲ್ಲ! ಗೊತ್ತಿದ್ದವನು ಒಬ್ಬನೇ, ಅವನ ಫೋನ್ ಸ್ವಿಚ್ ಆಫ್. ಕೊನೆಗೆ ಎರಡು ವರ್ಷ ಹಳೆಯ ವಾಟ್ಸ್‌ಆ್ಯಪ್ ಮೆಸೇಜ್ ಒಂದರಲ್ಲಿ ಸಿಕ್ಕಿತು. ಅಂದ್ರೆ ಏನರ್ಥ? ಗುಂಪು ಬಿಟ್ಟು ಹೋದ ಇಬ್ಬರ ಫೋನ್‌ನಲ್ಲೂ ಅದು ಹಾಗೇ ಬಿದ್ದಿದೆ.

ಆವತ್ತು ರಾತ್ರಿ ನನಗೆ ನೆನಪಾಗಿದ್ದು 2014ರ ಒಂದು ಕತೆ. ನಮ್ಮ ಗುಂಪಿಗಿಂತಲೂ ಚಿಕ್ಕದಾಗಿದ್ದ ಒಂದು ಲಾಭರಹಿತ ಸಂಸ್ಥೆಯ ಕತೆ. ವ್ಯತ್ಯಾಸ ಇಷ್ಟೇ. ನಾವು ಕಾಯ್ತಿದ್ದದ್ದು ಹಳೇ ಪುಸ್ತಕ, ಅವರು ಕಾಯ್ತಿದ್ದದ್ದು ಹೆಚ್ಚುಕಡಿಮೆ ಇಡೀ ಇಂಟರ್ನೆಟ್‌ನ ಬೀಗ.

ಮೊದಲು ಬೀಗದ ವಿಷಯ. ನಿಮ್ಮ ಫೋನ್‌ನಿಂದ ಬ್ಯಾಂಕಿಗೆ, ಇಮೇಲ್‌ಗೆ ಹೋಗೋ ಮಾತನ್ನ ದಾರಿಯಲ್ಲಿ ಯಾರೂ ಓದದ ಹಾಗೆ ಗೂಢಲಿಪಿಗೆ ತಿರುಗಿಸಬೇಕು. ವೆಬ್ ವಿಳಾಸದ ಪಕ್ಕ ಪುಟ್ಟ ಬೀಗದ ಚಿತ್ರ ನೋಡಿರ್ತೀರಲ್ಲ, ಅದೇ. ಈ ಕೆಲಸ ಮಾಡೋ ಕೋಡ್ ಬರೆಯೋದು ಬಹಳ ಕಷ್ಟ. ಹಾಗಾಗಿ ಪ್ರತಿ ಕಂಪನಿಯೂ ತಾನೇ ಬರೆಯೋದಿಲ್ಲ, ಯಾರೋ ಬರೆದು ಉಚಿತವಾಗಿ ಕೊಟ್ಟಿದ್ದನ್ನ ಎತ್ತಿಕೊಳ್ಳುತ್ತೆ.

ಹಾಗೆ ಬರೆದು ಕೊಟ್ಟವರಲ್ಲಿ ಮೊದಲಿಗರು ಆಸ್ಟ್ರೇಲಿಯಾದ ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್. 1995ರಲ್ಲಿ ಶುರು ಮಾಡಿದ ಆ ಕೆಲಸಕ್ಕೆ ಅವರು ಇಟ್ಟ ಹೆಸರು ಎಸ್‌ಎಸ್‌ಎಲ್-ಇಎವೈ. ಕೊನೆಯ ಮೂರು ಅಕ್ಷರ ಎರಿಕ್ ಅವರ ಇನಿಷಿಯಲ್ಸ್. ಆ ಕಾಲಕ್ಕೆ ಅಮೆರಿಕ ಬಲವಾದ ಗೂಢಲಿಪಿ ತಂತ್ರಾಂಶವನ್ನ ಹೊರದೇಶಕ್ಕೆ ಸುಲಭವಾಗಿ ಬಿಡ್ತಿರಲಿಲ್ಲ, ಮದ್ದುಗುಂಡಿನ ಪಟ್ಟಿಯಲ್ಲಿ ಇಟ್ಟಿತ್ತು. ಹಾಗಾಗಿ ಅಮೆರಿಕದ ಹೊರಗೆ ಹುಟ್ಟಿದ ಈ ಕೋಡ್ ಜಗತ್ತಿಗೆಲ್ಲ ಬೇಕಾಯ್ತು. 1998ರ ಕೊನೆಗೆ ಇಬ್ಬರೂ ಬೇರೆ ಕಂಪನಿಗೆ ಕೆಲಸಕ್ಕೆ ಹೋದ್ರು. ಉಳಿದ ಕೆಲವು ಆಸಕ್ತರು ಅದೇ ಕೋಡ್ ಹಿಡಿದು ಅದೇ ಡಿಸೆಂಬರ್‌ನಲ್ಲಿ ಶುರು ಮಾಡಿದ್ದು ಓಪನ್‌ಎಸ್‌ಎಸ್‌ಎಲ್.

ಇಲ್ಲಿಂದ ಹದಿನೈದು ವರ್ಷ ಹಾರೋಣ. 2014ರಲ್ಲಿ ಜಗತ್ತಿನ ಸಕ್ರಿಯ ವೆಬ್‌ಸೈಟ್‌ಗಳಲ್ಲಿ ಮೂರನೇ ಎರಡರಷ್ಟು ಓಡ್ತಿದ್ದದ್ದು ಅಪಾಚೆ ಮತ್ತು ಎನ್‌ಜಿನ್‌ಎಕ್ಸ್ ಅನ್ನೋ ಎರಡು ಸರ್ವರ್ ತಂತ್ರಾಂಶಗಳ ಮೇಲೆ. ಎರಡೂ ಸಾಮಾನ್ಯವಾಗಿ ಬಳಸ್ತಿದ್ದ ಬೀಗ ಓಪನ್‌ಎಸ್‌ಎಸ್‌ಎಲ್. ಅದನ್ನ ಪೂರ್ಣಾವಧಿ ನೋಡಿಕೊಳ್ಳುತ್ತಿದ್ದವರು ಎಷ್ಟು ಜನ ಗೊತ್ತಾ? ಒಬ್ಬರು. ಇಂಗ್ಲೆಂಡಿನ ಸ್ಟೀಫನ್ ಹೆನ್ಸನ್, ಗಣಿತದಲ್ಲಿ ಡಾಕ್ಟರೇಟ್ ಮಾಡಿದವರು. ಉಳಿದ ಕೆಲವರು ಬಿಡುವಾದಾಗ ಬಂದು ಕೈ ಜೋಡಿಸ್ತಿದ್ರು. ಹಣಕಾಸು, ಪತ್ರವ್ಯವಹಾರ ನೋಡ್ತಿದ್ದವರು ಅಮೆರಿಕದ ಸ್ಟೀವ್ ಮಾರ್ಕ್ವೆಸ್. ಇಂಟರ್ನೆಟ್ ಕಾಯ್ತಿರೋದು ಸ್ಟೀವ್ ಹೆಸರಿನ ಇಬ್ಬರು ಅಂತ ಆಮೇಲೆ ಪತ್ರಿಕೆಯವರು ತಮಾಷೆ ಮಾಡಿದ್ರು. ತಮಾಷೆ ಏನೂ ಅಲ್ಲ, ಸುಮಾರಾಗಿ ನಿಜಾನೇ.

ಮಾರ್ಕ್ವೆಸ್ ನಡೆಸ್ತಿದ್ದ ಓಪನ್‌ಎಸ್‌ಎಸ್‌ಎಲ್ ಸಾಫ್ಟ್‌ವೇರ್ ಫೌಂಡೇಶನ್ ಲಾಭರಹಿತ ಸಂಸ್ಥೆ. ಅದಕ್ಕೆ ವರ್ಷಕ್ಕೆ ಬರ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಆವತ್ತಿನ ಲೆಕ್ಕದಲ್ಲಿ ಒಂದು ಲಕ್ಷದ ಇಪ್ಪತ್ತು ಸಾವಿರ ರೂಪಾಯಿ. ಬೆಂಗಳೂರಲ್ಲಿ ಒಂದು ಪುಟ್ಟ ಮನೆಯ ವರ್ಷದ ಬಾಡಿಗೆ! ಉಳಿದ ಆದಾಯ ಬರ್ತಿದ್ದದ್ದು ಕಂಪನಿಗಳಿಗೆ ಸಲಹೆ ಕೊಡೋದ್ರಿಂದ. ಅಂದ್ರೆ ದುಡ್ಡು ಕೊಟ್ಟ ಕಂಪನಿ ತನಗೆ ಬೇಕಾದ ಹೊಸ ಸೌಲಭ್ಯ ಕೇಳುತ್ತೆ. ಹಳೇ ಕೋಡನ್ನ ಒಮ್ಮೆ ಕೂತು ಓದಿ ನೋಡಿ ಅಂತ ಯಾವ ಗಿರಾಕಿಯೂ ದುಡ್ಡು ಕೊಡೋದಿಲ್ಲ.

2011ರ ಡಿಸೆಂಬರ್ 31ರ ರಾತ್ರಿ ಈ ಕೋಡ್‌ಗೆ ಒಂದು ಸಣ್ಣ ಹೊಸ ಭಾಗ ಸೇರಿತು. ಹೆಸರು ಹಾರ್ಟ್‌ಬೀಟ್, ಎದೆಬಡಿತ. ಎರಡು ಕಂಪ್ಯೂಟರ್‌ಗಳು ಮಾತಾಡ್ತಾ ಇರುವಾಗ ನಡುವೆ "ಇದ್ದೀಯಾ?" ಅಂತ ಕೇಳಿ, "ಇದ್ದೀನಿ" ಅಂತ ಹೇಳಿಸಿಕೊಳ್ಳೋ ವ್ಯವಸ್ಥೆ. ಬರೆದವರು ಜರ್ಮನಿಯ ಒಬ್ಬ ಸಂಶೋಧನಾ ವಿದ್ಯಾರ್ಥಿ. ತಂಡದ ಒಬ್ಬರು ಅದನ್ನ ಪರಿಶೀಲಿಸಿದ್ರು ಕೂಡ. ಇಬ್ಬರ ಕಣ್ಣಿಗೂ ಒಂದು ತಪ್ಪು ಬೀಳಲಿಲ್ಲ. 2012ರ ಮಾರ್ಚ್‌ನಲ್ಲಿ 1.0.1 ಆವೃತ್ತಿಯ ಜೊತೆ ಆ ತಪ್ಪು ಲೋಕಕ್ಕೆಲ್ಲ ಹಂಚಿಕೆಯಾಯ್ತು.

ತಪ್ಪು ಏನು ಅಂತ ಜೆರಾಕ್ಸ್ ಅಂಗಡಿ ಲೆಕ್ಕದಲ್ಲಿ ಹೇಳ್ತೀನಿ. ನೀವು ಕೈಗೆ ಒಂದು ಹಾಳೆ ಕೊಟ್ಟು "ಇದರಲ್ಲಿ 64 ಪುಟ ಇದೆ, ಕಾಪಿ ಮಾಡಿ ಕೊಡಿ" ಅಂತೀರಿ. ಅಂಗಡಿಯವನು ಎಣಿಸೋದಿಲ್ಲ. ನಿಮ್ಮ ಹಾಳೆಯನ್ನ ಮೇಜಿನ ಮೇಲಿದ್ದ ರಾಶಿಯ ಮೇಲಿಟ್ಟು, ಅಲ್ಲಿಂದ 64 ಹಾಳೆ ಎಣಿಸಿ ಕಾಪಿ ಮಾಡಿ ಕೊಟ್ಟುಬಿಡ್ತಾನೆ. ಒಂದು ನಿಮ್ಮದು, 63 ಬೇರೆಯವರದ್ದು: ಯಾರದ್ದೋ ಮಾರ್ಕ್ಸ್ ಕಾರ್ಡ್, ಯಾರದ್ದೋ ಪಾಸ್‌ಬುಕ್, ಅಂಗಡಿಯವನ ಮನೆ ಪತ್ರ. ಮತ್ತೆ ಹೋಗಿ ಮತ್ತೆ ಕೇಳಬಹುದು, ಆಗ ರಾಶಿಯಲ್ಲಿ ಬೇರೆ ಹಾಳೆಗಳು ಇರ್ತವೆ. ಇಲ್ಲಿ ಹಾಳೆ ಅಂದ್ರೆ ಸರ್ವರ್‌ನ ಮೆಮೊರಿ. ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ಸಿಗ್ತಿತ್ತು. ಅದರಲ್ಲಿ ಪಾಸ್‌ವರ್ಡ್ ಇರಬಹುದು, ಬೀಗದ ಮೂಲ ಕೀಲಿಯೇ ಇರಬಹುದು. ಕದ್ದದ್ದಕ್ಕೆ ಸಾಮಾನ್ಯ ಲಾಗ್‌ಗಳಲ್ಲಿ ಗುರುತೂ ಉಳೀತಿರಲಿಲ್ಲ.

ಎರಡು ವರ್ಷ ಹೀಗೇ ನಡೀತು. ಕೊನೆಗೆ ಗೂಗಲ್‌ನ ನೀಲ್ ಮೆಹ್ತಾ ಮತ್ತು ಫಿನ್ಲೆಂಡಿನ ಕೋಡೆನೋಮಿಕಾನ್ ಕಂಪನಿಯವರು ಇದನ್ನ ಬೇರೆಬೇರೆಯಾಗಿ ಪತ್ತೆ ಹಚ್ಚಿದ್ರು. 2014ರ ಏಪ್ರಿಲ್ 7ರಂದು ಸುದ್ದಿ ಹೊರಬಂತು, ಅದೇ ದಿನ ಸರಿಪಡಿಸಿದ ಆವೃತ್ತಿಯೂ ಬಂತು. ಫಿನ್ಲೆಂಡಿನವರು ಇಟ್ಟ ಹೆಸರು ಹಾರ್ಟ್‌ಬ್ಲೀಡ್, ಜೊತೆಗೆ ರಕ್ತ ತೊಟ್ಟಿಕ್ಕೋ ಕೆಂಪು ಹೃದಯದ ಲೋಗೊ. ತಪ್ಪಿಗೆ ಲೋಗೊ ಯಾಕೆ ಅಂತ ಆಗ ಕೆಲವರು ಮುಖ ಸಿಂಡರಿಸಿದ್ರು. ನನಗನ್ನಿಸೋದು, ಆ ಲೋಗೊ ಇಲ್ಲದಿದ್ರೆ ನ್ಯೂಸ್ ಚಾನೆಲ್‌ಗಳು ಇದನ್ನ ಮುಟ್ಟುತ್ತಲೇ ಇರಲಿಲ್ಲ.

ಕೆನಡಾದ ತೆರಿಗೆ ಇಲಾಖೆ ರಿಟರ್ನ್ಸ್ ಸಲ್ಲಿಸೋ ಕಾಲದಲ್ಲೇ ಸೈಟ್ ಮುಚ್ಚಬೇಕಾಯ್ತು. ಅಷ್ಟರಲ್ಲಿ ಸುಮಾರು 900 ಜನರ ಸಾಮಾಜಿಕ ವಿಮೆ ಸಂಖ್ಯೆ ಕಳವಾಗಿತ್ತು. ಫೋನ್‌ಗಳೂ ಪೂರ್ತಿ ಪಾರಾಗಲಿಲ್ಲ. ಆಂಡ್ರಾಯ್ಡ್‌ನಲ್ಲಿ 4.1.1 ಆವೃತ್ತಿಗೆ ಇದರ ಏಟು ಬಿತ್ತು. ಅಕ್ಕನಿಂದ ನನಗೆ ಬಂದ ಫೋನ್‌ನಲ್ಲಿ ಯಾವ ಆವೃತ್ತಿ ಇತ್ತೋ, ನೋಡೋಕೆ ಆಗ ನನಗೆ ಗೊತ್ತೂ ಇರಲಿಲ್ಲ.

ತಪ್ಪನ್ನ ಸರಿಪಡಿಸಿದ್ದು ಕೆಲವೇ ಸಾಲು. ಹಾಳೆ ಎಣಿಸು, ಲೆಕ್ಕ ಸರಿ ಇಲ್ಲದಿದ್ರೆ ಸುಮ್ಮನಿರು, ಅಷ್ಟೇ. ಬಹಳ ಪಾಡ್‌ಕಾಸ್ಟ್‌ಗಳು ಕತೆಯನ್ನ ಇಲ್ಲಿಗೇ ಮುಗಿಸಿಬಿಡ್ತವೆ. ನನಗೆ ಬೇಕಾದ ಕತೆ ಶುರುವಾಗೋದೇ ಇಲ್ಲಿಂದ.

ಒಂದು ವಾರದೊಳಗೆ ಮಾರ್ಕ್ವೆಸ್ ಒಂದು ಬಹಿರಂಗ ಪತ್ರ ಬರೆದರು. ಸುದ್ದಿ ಆದಮೇಲೆ ಸುಮಾರು 9,000 ಡಾಲರ್ ದೇಣಿಗೆ ಬಂದಿದೆ, ಹೆಚ್ಚಿನವು ಐದು ಡಾಲರ್, ಹತ್ತು ಡಾಲರ್‌ನವು ಅಂದರು. ಕೊಟ್ಟವರು ಸಾಮಾನ್ಯ ಜನ, ಈ ಕೋಡ್‌ನಿಂದ ಕೋಟಿಗಟ್ಟಲೆ ದುಡಿದ ಕಂಪನಿಗಳಲ್ಲ. ಇಷ್ಟು ಕಡಿಮೆ ಜನ ಈ ತಪ್ಪನ್ನ ಗಮನಿಸಲಿಲ್ಲ ಅನ್ನೋದು ಆಶ್ಚರ್ಯ ಅಲ್ಲ, ಇಂಥದ್ದು ಇನ್ನೂ ಹೆಚ್ಚು ಸಲ ಆಗಿಲ್ಲವಲ್ಲ ಅನ್ನೋದೇ ಆಶ್ಚರ್ಯ, ಇದು ಅವರ ಮಾತಿನ ಸಾರ. ಕಂಪನಿಗಳಿಗೆ ನಾಚಿಕೆ ಆಯ್ತೋ, ಭಯ ಆಯ್ತೋ, ಏಪ್ರಿಲ್ 24ಕ್ಕೆ ಲಿನಕ್ಸ್ ಫೌಂಡೇಶನ್ ಒಂದು ನಿಧಿ ಘೋಷಿಸಿತು. ಗೂಗಲ್, ಮೈಕ್ರೋಸಾಫ್ಟ್, ಫೇಸ್‌ಬುಕ್, ಇಂಟೆಲ್, ಐಬಿಎಂ ಎಲ್ಲ ಬಂದ್ರು, ತಲಾ ವರ್ಷಕ್ಕೆ ಒಂದು ಲಕ್ಷ ಡಾಲರ್, ಮೂರು ವರ್ಷ. ಆ ದುಡ್ಡಿನಲ್ಲಿ ಓಪನ್‌ಎಸ್‌ಎಸ್‌ಎಲ್‌ಗೆ ಇಬ್ಬರು ಪೂರ್ಣಾವಧಿ ಡೆವಲಪರ್‌ಗಳು ಸಿಕ್ಕಿದ್ರು.

ಎಲ್ಲರೂ ಕನಿಕರ ತೋರಿಸಲಿಲ್ಲ. ಓಪನ್‌ಬಿಎಸ್‌ಡಿ ತಂಡದವರು ಕೋಡ್ ನೋಡಿ ಸಿಡಿಮಿಡಿಗೊಂಡು, ಅದನ್ನೇ ಕವಲೊಡೆಸಿ ಲಿಬ್ರೆಎಸ್‌ಎಸ್‌ಎಲ್ ಅಂತ ತಮ್ಮದೇ ಶುರು ಮಾಡಿದ್ರು. ಮೊದಲ ವಾರದಲ್ಲೇ ಸುಮಾರು 90 ಸಾವಿರ ಸಾಲು ಕಿತ್ತು ಬಿಸಾಕಿದ್ರು. ಯಾರೂ ಬಳಸದ ಹಳೇ ಯಂತ್ರಗಳಿಗಾಗಿ ಉಳಿಸಿಕೊಂಡಿದ್ದ ಕೋಡ್ ಅಷ್ಟೊಂದು ಇತ್ತು. ಗೂಗಲ್ ಕೂಡ ತನ್ನದೇ ಒಂದು ಕವಲು ಮಾಡಿಕೊಂಡಿತು.

ಆ ಸಿಟ್ಟಿಗೆ ಮೂಲ ತಂಡ ಏನು ಉತ್ತರ ಕೊಟ್ಟಿತು? 2014ರ ಜೂನ್ 30ರಂದು ಒಂದು ದಾಖಲೆ ಹೊರಡಿಸಿತು. ಮುಂದೇನು ಮಾಡ್ತೀವಿ ಅನ್ನೋ ಯೋಜನೆ. ಅದರ ತುಂಬ ತಮ್ಮದೇ ಹುಳುಕುಗಳ ಪಟ್ಟಿ! ಜನ ಕಳಿಸಿದ ತಪ್ಪುಗಳ ವರದಿ ಉತ್ತರ ಇಲ್ಲದೆ ರಾಶಿ ಬಿದ್ದಿದೆ, ಕೆಲವು ವರ್ಷಗಳಷ್ಟು ಹಳೆಯವು. ದಾಖಲೀಕರಣ ಅರೆಬರೆ. ಕೋಡ್ ಗೋಜಲು, ಬರೆಯೋ ಶೈಲಿ ಒಬ್ಬೊಬ್ಬರದ್ದು ಒಂದೊಂದು. ಕಡ್ಡಾಯ ಪರಿಶೀಲನೆ ಅನ್ನೋದು ಇಲ್ಲ. ಹೊಸ ಆವೃತ್ತಿ ಯಾವಾಗ ಬರುತ್ತೆ, ಹಳೆಯದಕ್ಕೆ ಎಲ್ಲಿವರೆಗೆ ಬೆಂಬಲ ಅಂತ ಯಾರಿಗೂ ಗೊತ್ತಿಲ್ಲ. ಭದ್ರತಾ ದೋಷ ಸಿಕ್ಕಿದ್ರೆ ಏನು ಮಾಡ್ತೀವಿ ಅನ್ನೋ ನೀತಿ ಎಲ್ಲೂ ಪ್ರಕಟವಾಗಿಲ್ಲ.

ನಾನು ಇದನ್ನ ನಮ್ಮ ಪುಸ್ತಕದ ಗುಂಪಿಗೆ ಕನ್ನಡದಲ್ಲಿ ಹೇಳ್ತಾ ಹೋದೆ. ಮೂರನೆಯದು ಬರೋ ಹೊತ್ತಿಗೆ ಒಬ್ಬಳು "ಇದು ನಮ್ಮ ಬಗ್ಗೆನೇ ಬರೆದಿರೋದಾ?" ಅಂದ್ಲು.

ಆಮೇಲೆ ಮಾಡಿದ್ದೆಲ್ಲ ಬೇಜಾರು ಹುಟ್ಟಿಸೋ ಕೆಲಸ. ಸೆಪ್ಟೆಂಬರ್‌ನಲ್ಲಿ ಭದ್ರತಾ ನೀತಿ ಪ್ರಕಟವಾಯ್ತು: ದೋಷಗಳನ್ನ ತೀವ್ರತೆಯ ಮೇಲೆ ವಿಂಗಡಿಸೋದು, ಯಾವುದನ್ನ ಎಷ್ಟು ಬೇಗ ಸರಿಪಡಿಸಬೇಕು, ಯಾರಿಗೆ ಯಾವಾಗ ಹೇಳಬೇಕು. ಅಕ್ಟೋಬರ್‌ನಲ್ಲಿ ತಂಡದವರು ಜರ್ಮನಿಯ ಡುಸೆಲ್ಡಾರ್ಫ್‌ನಲ್ಲಿ ಒಟ್ಟಿಗೆ ಕೂತ್ರು. ಅಷ್ಟು ವರ್ಷ ಜೊತೆಗೆ ಕೆಲಸ ಮಾಡಿದವರು ತಂಡವಾಗಿ ಎದುರುಬದುರು ಸೇರಿದ್ದು ಅದೇ ಮೊದಲು. ಡಿಸೆಂಬರ್‌ನಲ್ಲಿ ಹಳೇ ಆವೃತ್ತಿಗಳಿಗೆ ಕೊನೆಯ ದಿನಾಂಕ ಹಾಕಿದ್ರು. 2015ರ ಶುರುವಿನಲ್ಲಿ ಇಡೀ ಕೋಡನ್ನ ಒಂದೇ ಶೈಲಿಗೆ ತಂದ್ರು. ಅಂದ್ರೆ ಜಾಗ, ಆವರಣ, ಸಾಲುಗಳನ್ನ ನೇರ ಮಾಡೋದು. ಹೊರಗಿನವರಿಗೆ ಇದು ಗೋಡೆಗೆ ಸುಣ್ಣ ಹೊಡೆದ ಹಾಗೆ ಕಾಣಬಹುದು. ಆದ್ರೆ ಓದೋಕೇ ಆಗದ ಕೋಡ್‌ನಲ್ಲಿ ತಪ್ಪು ಹುಡುಕೋರು ಯಾರು?

ಎಲ್ಲಕ್ಕಿಂತ ದೊಡ್ಡದು ಪರಿಶೀಲನೆ. ಯಾರೇ ಏನೇ ಬದಲಿಸಿದ್ರೂ, ಎಷ್ಟೇ ಹಿರಿಯರಾದ್ರೂ, ತಂಡದ ಇನ್ನೊಬ್ಬರು ಓದಿ ಒಪ್ಪದೆ ಒಳಗೆ ಹೋಗೋ ಹಾಗಿಲ್ಲ. 2011ರಲ್ಲೂ ಒಬ್ಬರು ಓದಿದ್ರಲ್ಲ, ಆಗಲೂ ತಪ್ಪಿತಲ್ಲ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕೇ ಮನುಷ್ಯರ ಕಣ್ಣಿನ ಜೊತೆ ಯಂತ್ರವನ್ನೂ ಕೂರಿಸಿದ್ರು. ಫಜಿಂಗ್ ಅಂತಾರೆ, ಅಡ್ಡಾದಿಡ್ಡಿ ಡೇಟಾವನ್ನ ಹಗಲೂ ರಾತ್ರಿ ಕೋಡ್‌ಗೆ ತುರುಕಿ ಎಲ್ಲಿ ಮುಗ್ಗರಿಸುತ್ತೆ ಅಂತ ನೋಡೋದು. ನಮ್ಮ ಜೆರಾಕ್ಸ್ ಅಂಗಡಿಗೆ ದಿನಕ್ಕೆ ಲಕ್ಷ ಸಲ ಸುಳ್ಳು ಲೆಕ್ಕ ಹೇಳೋ ಗಿರಾಕಿಯನ್ನ ನಾವೇ ಕಳಿಸಿದ ಹಾಗೆ.

ಇಷ್ಟೆಲ್ಲ ಮಾಡಿದಮೇಲೆ ತಪ್ಪು ನಿಂತುಹೋಯ್ತಾ? ಇಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ ಮತ್ತೊಂದು ನುಸುಳಿತು. ಅದು ಇದ್ದದ್ದು ಪ್ಯುನಿಕೋಡ್ ಓದೋ ಭಾಗದಲ್ಲಿ. ಇಂಗ್ಲಿಷ್ ಅಲ್ಲದ ಲಿಪಿಯ ಹೆಸರುಗಳನ್ನ ಇಂಟರ್ನೆಟ್‌ನ ಹಳೇ ವ್ಯವಸ್ಥೆಗೆ ಅರ್ಥವಾಗೋ ಅಕ್ಷರಗಳಿಗೆ ತಿರುಗಿಸೋ ವಿಧಾನ ಅದು. ಕನ್ನಡ ಲಿಪಿಯಲ್ಲೇ .ಭಾರತ ಅಂತ ಕೊನೆಯಾಗೋ ವಿಳಾಸಗಳು ಇವೆಯಲ್ಲ, ಅವು ಕೆಲಸ ಮಾಡೋದೂ ಪ್ಯುನಿಕೋಡ್‌ನಿಂದಲೇ. ಮತ್ತೆ ಅದೇ ಜಾತಿಯ ತಪ್ಪು: ಅಳತೆ ಸರಿಯಾಗಿ ನೋಡದೆ, ನಿಗದಿಯಾದ ಜಾಗಕ್ಕಿಂತ ನಾಲ್ಕು ಬೈಟ್ ಆಚೆ ಬರೆಯೋದು.

ಈ ಸಲ ನಡೆದದ್ದು ಬೇರೆ ಥರ. 2022ರ ಅಕ್ಟೋಬರ್ 25ರಂದು ತಂಡ ಒಂದು ಪುಟ್ಟ ಪ್ರಕಟಣೆ ಕೊಟ್ಟಿತು: ನವೆಂಬರ್ 1ರಂದು, ನಮ್ಮ ಸಮಯದಲ್ಲಿ ಹೇಳೋದಾದ್ರೆ ಸಂಜೆ ಆರೂವರೆಯಿಂದ ರಾತ್ರಿ ಹತ್ತೂವರೆ ಒಳಗೆ, 3.0.7 ಬರುತ್ತೆ, ಅದರಲ್ಲಿ ಅತಿ ಗಂಭೀರ ದೋಷಕ್ಕೆ ಪರಿಹಾರ ಇದೆ. ದೋಷ ಏನು ಅಂತ ಹೇಳಲಿಲ್ಲ, ಹೇಳಿದ್ರೆ ಕಳ್ಳರಿಗೂ ಒಂದು ವಾರ ಸಿಗುತ್ತಲ್ಲ. ಆ ಒಂದು ವಾರದಲ್ಲಿ ಜಗತ್ತಿನ ಸಿಸ್ಟಮ್ ಅಡ್ಮಿನ್‌ಗಳು ತಮ್ಮ ಯಾವ ಯಂತ್ರದಲ್ಲಿ 3.0 ಇದೆ ಅಂತ ಪಟ್ಟಿ ಮಾಡಿಕೊಂಡ್ರು. ತಂಡ ಅಷ್ಟರಲ್ಲಿ ಬೇರೆಬೇರೆ ವ್ಯವಸ್ಥೆಗಳಲ್ಲಿ ಪರೀಕ್ಷೆಯಾಗೋ ಹಾಗೆ ನೋಡಿಕೊಂಡು, ಅಂದುಕೊಂಡಷ್ಟು ಭೀಕರ ಅಲ್ಲ ಅಂತ ಕಂಡುಕೊಂಡು, ದೋಷದ ದರ್ಜೆಯನ್ನ ಒಂದು ಮೆಟ್ಟಿಲು ಇಳಿಸಿತು. ಯಾಕೆ ಇಳಿಸಿದ್ವಿ ಅಂತಲೂ ಬರೆದು ಹಾಕಿತು. ಸುಮ್ಮನೆ ಗಾಬರಿ ಹುಟ್ಟಿಸಿದ್ರು ಅಂತ ಕೆಲವರು ಗೊಣಗಿದ್ರು.

ಆವತ್ತು ಕನ್ನಡ ರಾಜ್ಯೋತ್ಸವ. ರಜೆಯ ಸಂಜೆ ಲ್ಯಾಪ್‌ಟಾಪ್ ಮುಂದೆ ಕೂತು 3.0.7ಗೆ ಕಾದ ಬೆಂಗಳೂರಿನ ಅಡ್ಮಿನ್‌ಗಳು ಯಾರಾದ್ರೂ ಈ ಸಂಚಿಕೆ ಕೇಳ್ತಿದ್ರೆ ನನಗೊಂದು ಮೆಸೇಜ್ ಹಾಕಿ. ಅಂದಹಾಗೆ, ನಮ್ಮ ಗುಂಪಿನ ಪಾಸ್‌ವರ್ಡ್ ಬದಲಾಗಿದೆ, ಈಗ ಇಬ್ಬರ ಹತ್ರ ಇದೆ, ವಾಟ್ಸ್‌ಆ್ಯಪ್‌ನಲ್ಲಿ ಇಲ್ಲ. ಬ್ಯಾಕಪ್ ಮಾತ್ರ ಇನ್ನೂ ನನ್ನ ಮನೆಯ ಒಂದೇ ಹಾರ್ಡ್‌ಡಿಸ್ಕ್‌ನಲ್ಲಿದೆ, ಭಾನುವಾರ ಅದನ್ನ ನೋಡಬೇಕು. ಮುಂದಿನ ವಾರ ಸಿಗೋಣ, ನಮಸ್ಕಾರ.